ಗೇಟಿನಲ್ಲಿ ಉಳಿದ ಸ್ಟೂಲು

ಟೇಬಲ್ಲಿನ ಎತ್ತರ ಮೂವತ್ತೆಂಟು ಇಂಚು. ಟೇಬಲ್ಲಿನ ಅಂಚಿನಿಂದ ನೆಲದ ಹಳದಿ ಗೆರೆಗೆ ಇಪ್ಪತ್ತಾರು ಇಂಚು. ಊಟದ ಬೆಲ್ಲು ಹೊಡೆದು ಎಲ್ಲರೂ ಕ್ಯಾಂಟೀನಿಗೆ ಹೋದ ಮೇಲೆ ಶರ್ಟು ಅಳೆಯುವ ಟೇಪಿನಲ್ಲೇ ಇದನ್ನು ಅಳೆದು ಅಂಗೈ ಮೇಲೆ ಬರೆದುಕೊಂಡೆ. ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ಕಿರುಗಾವಲಿನ ಬಡಗಿಯ ಹತ್ತಿರ ಹೋಗಿ ಅಂಗೈ ತೋರಿಸಿದೆ. ಇಪ್ಪತ್ತೆಂಟು ಇಂಚು ಎತ್ತರದ ಸ್ಟೂಲು ಬೇಕು, ಬುಡ ಹದಿನಾಲ್ಕು ಇಂಚು ಮೀರಬಾರದು, ಎಡಗಡೆ ಕಾಲು ಚಾಚಿ ಇಡಲು ಒಂದು ಅಡ್ಡಪಟ್ಟಿ ಇರಬೇಕು. ಬಡಗಿ ನನ್ನ ಕಾಲು ನೋಡಿ, ಪಟ್ಟಿ ಎಲ್ಲಿ ಹೊಡೆಯಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡ. ಈ ಸ್ಟೂಲಿಗಾಗಿ ನಾನು ಮುಂದೆ ಏಳೆಂಟು ತಿಂಗಳು ಹೊಡೆದಾಡಿದೆ.

ಮದ್ದೂರು–ಮಳವಳ್ಳಿ ರಸ್ತೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನಾನು ಸೀನಿಯರ್ ಚೆಕ್ಕರ್. ಲೈನಿನಲ್ಲಿ ಹೊಲಿದ ಶರ್ಟು ಕೊನೆಗೆ ನನ್ನ ಟೇಬಲ್ಲಿಗೆ ಬರುತ್ತದೆ. ಕಾಲರಿನ ಎರಡು ಮೂಲೆ ಸಮವಿದೆಯೇ, ಕಫ್ ತಿರುಚಿದೆಯೇ, ಕಂಕುಳ ಹೊಲಿಗೆ ಬಿಟ್ಟಿದೆಯೇ, ಇಂಚಿಗೆ ಎಷ್ಟು ಹೊಲಿಗೆ ಬಿದ್ದಿದೆ ಎಂದು ನೋಡಿ, ತಪ್ಪಿರುವ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಇದನ್ನೇ ಮಾಡಿ, ತಪ್ಪು ಕಣ್ಣಿಗೆ ಬೀಳುವ ಮೊದಲೇ ಬೆರಳಿಗೆ ತಿಳಿಯುತ್ತದೆ. ಹೊಲಿಯುವವರು ಕೂತು ಹೊಲಿಯುತ್ತಾರೆ, ಚೆಕ್ಕರುಗಳು ನಿಂತೇ ನೋಡಬೇಕು. ಕೂತರೆ ನಿದ್ದೆ ಬರುತ್ತದೆ ಎಂದು ಯಾರೋ ಯಾವ ಕಾಲದಲ್ಲೋ ಮಾಡಿದ ನಿಯಮ. ಯಾವ ಕಾಗದದಲ್ಲೂ ಅದು ಇಲ್ಲ, ಆಮೇಲೆ ಹುಡುಕಿ ನೋಡಿದೆ.

ಹಿಂದಿನ ಶ್ರಾವಣದಲ್ಲಿ ಗಂಡನ ಬೈಕಿನ ಹಿಂದೆ ಕೂತು ಹೋಗುವಾಗ ಟ್ರ್ಯಾಕ್ಟರಿನ ಟ್ರೇಲರ್ ತಗುಲಿ ನನ್ನ ಎಡ ಮೊಣಕಾಲು ಪುಡಿಯಾಗಿತ್ತು. ರಾಡು ಹಾಕಿದರು. ಕಾಲು ಉಳಿಯಿತು, ಮಡಚುವುದು ಹೋಯಿತು. ಮಂಡ್ಯದ ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ಜನ ಡಾಕ್ಟರು ಕೂತು ನೋಡಿ ಅಂಗವಿಕಲತೆಯ ಸರ್ಟಿಫಿಕೇಟು ಕೊಟ್ಟರು. ಸಂಕ್ರಾಂತಿ ಕಳೆದು ಕೆಲಸಕ್ಕೆ ವಾಪಸ್ ಬಂದೆ. ಆಗಿದ್ದ ಮ್ಯಾನೇಜರ್ ಕಂಡೂ ಕಾಣದ ಹಾಗೆ ಇರುತ್ತಿದ್ದರು, ರಟ್ಟಿನ ಡಬ್ಬಗಳ ಗುಡ್ಡೆಗೆ ಒರಗಿಕೊಂಡು ಚೆಕ್ ಮಾಡುತ್ತಿದ್ದೆ. ಸಂಜೆ ಹೊತ್ತಿಗೆ ಪಾದ ಚಪ್ಪಲಿಗೆ ಹಿಡಿಸದಷ್ಟು ಊದುತ್ತಿತ್ತು. ಆದರೂ ದಿನ ನಡೆಯುತ್ತಿತ್ತು.

ಯುಗಾದಿ ಆಗಿ ಹದಿನೈದು ದಿನಕ್ಕೆ ಅವರು ಬೇರೆ ಯೂನಿಟ್ಟಿಗೆ ಹೋದರು. ಹೊಸ ಎಚ್.ಆರ್. ಮ್ಯಾನೇಜರ್ ಬಂದ. ನಮ್ಮ ಸೀಮೆಯವನಲ್ಲ, ಹೆಡ್ ಆಫೀಸಿನಿಂದ ನೇರವಾಗಿ ಇಳಿದವನು. ಇಸ್ತ್ರಿ ಮುರಿಯದ ಶರ್ಟು, ಕೈಯಲ್ಲಿ ಸದಾ ಒಂದು ಫೈಲು. ಬಂದ ಮೂರನೇ ದಿನ ಗಂಟೆಗಂಟೆಗೆ ಟಾರ್ಗೆಟ್ ಕೂಗುವ ಮೈಕು ಹಿಡಿದು ಇಡೀ ಫ್ಲೋರಿಗೆ ಕೇಳುವ ಹಾಗೆ ಹೇಳಿದ:

"ಐದನೇ ಲೈನಿನ ಕುಂಟಮ್ಮ, ಡಬ್ಬಕ್ಕೆ ಒರಗಬೇಡ. ಇದು ನಿಮ್ಮನೆ ಜಗಲಿ ಅಲ್ಲ."

ಕೆಲವರು ನಕ್ಕರು. ನಗದವರು ತಲೆ ತಗ್ಗಿಸಿ ಹೊಲಿದರು. ನಾನು ನೆಟ್ಟಗೆ ನಿಂತು ಕೈಯಲ್ಲಿದ್ದ ಶರ್ಟಿನ ಕಾಲರ್ ನೋಡುತ್ತಿದ್ದೆ, ಏನೂ ಕಾಣಲಿಲ್ಲ. ಅವತ್ತು ಐದು ತಪ್ಪಿನ ಪೀಸುಗಳು ನನ್ನ ಕೈ ದಾಟಿ ಹೋದವು, ಹನ್ನೊಂದು ವರ್ಷದಲ್ಲಿ ಹಾಗಾಗಿರಲಿಲ್ಲ. ಸಿಟ್ಟು ಬರಲು ಸಂಜೆಯಾಯಿತು. ಬಂದದ್ದು ಇವತ್ತಿನವರೆಗೂ ಪೂರ್ತಿ ಹೋಗಿಲ್ಲ.

ಮಾರನೆಯ ದಿನ ಒಂದು ಅರ್ಜಿ ಬರೆದೆ. ಕಾಲಿನ ಸ್ಥಿತಿ ಹೀಗಿದೆ, ಸರ್ಟಿಫಿಕೇಟಿನ ನಕಲು ಇಟ್ಟಿದ್ದೇನೆ, ಎತ್ತರದ ಒಂದು ಸ್ಟೂಲು ಕೊಟ್ಟರೆ ಮೊದಲಿನಷ್ಟೇ ಪೀಸು ಚೆಕ್ ಮಾಡುತ್ತೇನೆ ಎಂದು. ಅವನು ಮೊದಲ ಸಾಲು ಓದಿ ಫೈಲಿನೊಳಗೆ ಇಟ್ಟ. ತೆಗೆದುಕೊಂಡಿದ್ದಕ್ಕೆ ನಕಲಿನ ಮೇಲೆ ಸಹಿ ಕೇಳಿದೆ.

"ನೋಡಮ್ಮ, ಟೇಬಲ್ಲಿಗೂ ಹಳದಿ ಗೆರೆಗೂ ಮಧ್ಯೆ ಜಾಗ ಇಲ್ಲ. ಬೆಂಕಿ ಬಿದ್ದರೆ ಎಲ್ಲರೂ ಓಡೋ ದಾರಿ ಅದು. ಸ್ಟೂಲ್ ಇಟ್ಟರೆ ಆಡಿಟ್‌ನಲ್ಲಿ ನಾನು ಏನು ಹೇಳಲಿ? ಸಹಿ ಗಿಹಿ ಏನೂ ಬೇಡ, ಹೋಗು."

ಜಾಗ ಇಲ್ಲವೆಂದನಲ್ಲ, ಅದಕ್ಕೇ ಟೇಪು ಹಿಡಿದು ಅಳೆದದ್ದು. ಇಪ್ಪತ್ತಾರು ಇಂಚಿನಲ್ಲಿ ಹದಿನಾಲ್ಕು ಇಂಚಿನ ಸ್ಟೂಲು ಇಟ್ಟರೂ ಗೆರೆಗೆ ಹನ್ನೆರಡು ಇಂಚು ಉಳಿಯುತ್ತದೆ.

ಸ್ಟೂಲು ತಯಾರಾದ ದಿನ ಅದನ್ನು ಬಸ್ಸಿನಲ್ಲಿ ಹೊತ್ತು ತಂದೆ. ಗೇಟಿನ ಸೆಕ್ಯೂರಿಟಿಯವರು ನಮ್ಮ ಕಡೆಯ ವಯಸ್ಸಾದವರು. ಒಳಗೆ ಫೋನ್ ಮಾಡಿ ಕೇಳಿದರು, ಕೇಳಿ ಮುಖ ಸಣ್ಣಗೆ ಮಾಡಿಕೊಂಡರು.

"ಒಳೀಕೆ ಬುಡ್ಬ್ಯಾಡ ಅಂದವ್ರೆ ಕಣವ್ವ. ಬುಕ್ನಲ್ಲಿ ಬರ್ಕಂಡು ಇಲ್ಲೇ ಇಟ್ಕತೀನಿ."

ಗೇಟಿನ ದಪ್ಪ ರಿಜಿಸ್ಟರಿನಲ್ಲಿ ದಿನಾಂಕ, ಹೊತ್ತು, ನನ್ನ ಹೆಸರು ಬರೆದು, 'ಮರದ ಸ್ಟೂಲ್ ಒಂದು. ಎಚ್.ಆರ್. ಬೇಡ ಅಂದರು' ಎಂದು ಸೇರಿಸಿದರು. ಸ್ಟೂಲು ಗೇಟಿನ ಪಕ್ಕದ ಗೋಡೆಗೆ ಅಂಟಿಕೊಂಡು ನಿಂತಿತು. ಎರಡು ದಿನಕ್ಕೆ ಸೆಕ್ಯೂರಿಟಿಯವರು ಅದರ ಮೇಲೆ ಕೂರಲು ಶುರುಮಾಡಿದರು. ದಿನಾ ಬೆಳಿಗ್ಗೆ ನನ್ನ ಸ್ಟೂಲಿನ ಮೇಲೆ ಬೇರೆಯವರು ಕೂತಿರುವುದನ್ನು ನೋಡುತ್ತಾ ಒಳಗೆ ಹೋಗಿ ಎಂಟು ಗಂಟೆ ನಿಲ್ಲುತ್ತಿದ್ದೆ. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ, ಅವರಿಗೂ ಫ್ಯಾಕ್ಟರಿ ಕುರ್ಚಿ ಕೊಟ್ಟಿರಲಿಲ್ಲ.

ಆ ವಾರದ ಕೊನೆಗೆ ಮ್ಯಾನೇಜರ್ ನನ್ನನ್ನು ಕರೆದು, ಆದೇಶದ ಕಾಗದ ಕೈಗೆ ಕೊಟ್ಟು, ಇವತ್ತಿನಿಂದ ನೀನು ಚೆಕ್ಕರ್ ಅಲ್ಲ, ಹೆಲ್ಪರ್, ಹಿಂದಿನ ಶೆಡ್ಡಿಗೆ ಹೋಗು ಎಂದ. ಕಟಿಂಗಿನಲ್ಲಿ ಉಳಿದ ಬಟ್ಟೆಯ ಚಿಂದಿಯನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುವ ಶೆಡ್ಡು ಅದು. ಅಲ್ಲಿನ ಹೆಂಗಸರು ನೆಲದ ಮೇಲೆ ಕೂತು ಮಾಡುತ್ತಾರೆ.

"ಸಾರ್, ನನಗೆ ನೆಲದ ಮ್ಯಾಲೆ ಕೂರಕ್ಕಾಗಲ್ಲ. ಕಾಲು ಮಡಚಲ್ಲ."

"ಕೂರಬೇಕು ಅಂತ ಅರ್ಜಿ ಕೊಟ್ಟವಳು ನೀನೇ ಅಲ್ವೇನಮ್ಮ? ಹೋಗು, ಕೂತ್ಕೋ."

ಹಾಗೆಂದು ನಕ್ಕ. ಆ ನಗು ಕಂಡ ಮೇಲೆ ನನಗೆ ಸ್ಟೂಲು ಸಿಕ್ಕರೆ ಸಾಲದು, ಇವನು ನೆಲ ಮುಟ್ಟಬೇಕು ಅನ್ನಿಸಿತು. ಎಡಗಾಲನ್ನು ಕೋಲಿನ ಹಾಗೆ ಮುಂದೆ ಚಾಚಿ, ಬೆನ್ನನ್ನು ಚಿಂದಿ ಮೂಟೆಗೆ ಕೊಟ್ಟು ನೀಲಿ, ಬಿಳಿ, ಗೆರೆಗೆರೆ ಎಂದು ಆರಿಸುತ್ತಿದ್ದೆ. ಏಳಬೇಕಾದರೆ ಇಬ್ಬರು ಕೈ ಕೊಡಬೇಕು, ಅದಕ್ಕೆ ನೀರು ಕುಡಿಯುವುದನ್ನೇ ಬಿಟ್ಟೆ.

ನಮ್ಮ ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವ ಕಾರ್ಯಕರ್ತನೊಬ್ಬನಿದ್ದಾನೆ. ಎರಡೂ ಕಾಲಿಗೆ ಪೋಲಿಯೊ, ಹಿಂದೆ ಎರಡು ಪುಟ್ಟ ಚಕ್ರ ಜೋಡಿಸಿದ ಸ್ಕೂಟರಿನಲ್ಲಿ ಇಡೀ ಹೋಬಳಿ ಸುತ್ತುತ್ತಾನೆ. ಭಾನುವಾರ ಅವನನ್ನು ಮನೆಗೆ ಕರೆಸಿ ನಡೆದದ್ದೆಲ್ಲ ಹೇಳಿದೆ.

"ಅರ್ಜಿ ಕೊಟ್ಟಿದ್ಕೆ ಸೈನ್ ಇಸ್ಕಂಡಿದ್ದೀರಾ ಅಕ್ಕ?"

"ಆಕ್ಲಿಲ್ಲ ಕಣಪ್ಪ."

"ಅಂಗಾರೆ ನೀವು ಕೊಟ್ಟೇ ಇಲ್ಲ. ನಾಳೀಕೆ ಅದ್ನೇ ಇನ್ನೊಂದ್ಸಲ ಬರ್ದು ರಿಜಿಸ್ಟರ್ ಪೋಸ್ಟ್ ಮಾಡಿ. ಸೈನಾಗಿ ವಾಪಸ್ ಬರೋ ಕಾರ್ಡ್ ಸಮೇತ."

ಕಾಯ್ದೆಯನ್ನು ಅವನು ತನ್ನ ಮೊಬೈಲಿನಲ್ಲಿ ಕನ್ನಡದಲ್ಲೇ ಓದಿ ಹೇಳಿದ. ಅಂಗವಿಕಲ ನೌಕರರಿಗೆ ಅವರ ಅಂಗಕ್ಕೆ ತಕ್ಕಂತೆ ಕೆಲಸದ ಜಾಗದಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿಕೊಡಬೇಕು, ಅದು ಮಾಲೀಕರಿಗೆ ಹೊರಲಾಗದ ಹೊರೆ ಆಗಬಾರದು ಅಷ್ಟೆ. ಅದಕ್ಕೆ ಸಮಂಜಸ ಅನುಕೂಲ ಎಂದು ಹೆಸರು. ಕೊಡದೆ ಹೋದರೆ ಅದೇ ತಾರತಮ್ಯ. ಖಾಸಗಿ ಕಂಪನಿಯೂ ಸಮಾನ ಅವಕಾಶ ನೀತಿ ಎಂದೊಂದು ಬರೆದು ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ನಾಲ್ಕು ಜನರ ಮುಂದೆ ಅವಮಾನಿಸಬೇಕೆಂದೇ ಹೀಯಾಳಿಸಿದರೆ ತೊಂಬತ್ತೆರಡನೇ ಕಲಮಿನ ಕೆಳಗೆ ಜೈಲು. ಕೊನೆಯದನ್ನು ಇನ್ನೊಮ್ಮೆ ಓದಿಸಿದೆ.

ಪೋಸ್ಟಿನ ಕಾರ್ಡು ಫ್ಯಾಕ್ಟರಿಯ ಸೀಲು ಹೊತ್ತು ವಾಪಸ್ ಬಂತು. ಉತ್ತರ ಬರಲಿಲ್ಲ. ಮೂವತ್ತು ದಿನ ಕಾದು ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕಳಿಸಿದೆವು. ಅರ್ಜಿ, ಕಾರ್ಡು, ಸರ್ಟಿಫಿಕೇಟು, ಟೇಬಲ್ಲಿನ ಅಳತೆ ಬರೆದ ಚಿತ್ರ, ಹೆಲ್ಪರ್ ಎಂದು ಮಾಡಿದ ಆದೇಶ, ಐದು ಕಾಗದ. ಮೈಕಿನ ಮಾತನ್ನು ಅವನು ಅಂದ ಹಾಗೆಯೇ, ಒಂದಕ್ಷರ ಬಿಡದೆ ಬರೆದೆ.

ಆಯುಕ್ತರಿಂದ ನೋಟಿಸು ಹೋಗಿ ಕಂಪನಿಯ ಉತ್ತರದ ಪ್ರತಿ ನನಗೆ ಬಂದಾಗ ಆಷಾಢ. ಕಾರ್ಯಕರ್ತ ಅದರ ಇಂಗ್ಲಿಷನ್ನು ಬಿಡಿಸಿ ಹೇಳಿದ. ಸ್ಟೂಲು ನಿರಾಕರಿಸಿದ್ದೇವೆ ಎಂಬುದೇ ಸುಳ್ಳಂತೆ. ಹಿಂದಿನ ಮ್ಯಾನೇಜರ್ ಇದ್ದಾಗಲೇ ನನಗೆ ಎತ್ತರದ ಸ್ಟೂಲು ಕೊಟ್ಟು ಎರಡು ಗಂಟೆ ಟ್ರಯಲ್ ನೋಡಿದರಂತೆ. ನೂರು ಪೀಸಿನಲ್ಲಿ ಇಪ್ಪತ್ತಮೂರು ತಪ್ಪು ನನ್ನ ಕಣ್ಣಿಗೆ ಬೀಳಲಿಲ್ಲವಂತೆ. ಬರೀ ಅನುಕಂಪದಿಂದ ಹೆಲ್ಪರ್ ಮಾಡಿ ಉಳಿಸಿಕೊಂಡಿದ್ದೇವೆ ಎಂದಿತ್ತು. ಜೊತೆಗೆ ಟ್ರಯಲ್ ರಿಪೋರ್ಟು, ಕೆಳಗೆ ಮೂರು ಜನರ ಸಾಕ್ಷಿ ಸಹಿ. ಲೈನ್ ಸೂಪರ್‌ವೈಸರದು, ಕ್ವಾಲಿಟಿ ಇನ್‌ಚಾರ್ಜದು. ಮೂರನೆಯದು ನನ್ನ ಜೊತೆಗಾತಿಯದು.

ಜೊತೆಗಾತಿ ಎಂದರೆ ಆರನೇ ಲೈನಿನ ಚೆಕ್ಕರ್. ಒಂಬತ್ತು ವರ್ಷ ಒಂದೇ ಬಸ್ಸು, ಒಂದೇ ಸೀಟು. ನನ್ನ ಕಾಲಿಗೆ ರಾಡು ಹಾಕಿದಾಗ ಆಸ್ಪತ್ರೆಯಲ್ಲಿ ತಲೆ ಬಾಚಿದವಳು. ಕನ್ನಡದಲ್ಲಿ ದುಂಡಗೆ ಸಹಿ ಮಾಡುತ್ತಾಳೆ, ಅವಳದಲ್ಲ ಎನ್ನುವ ಹಾಗಿರಲಿಲ್ಲ.

ಟ್ರಯಲ್ ನಡೆದ ದಿನಾಂಕ ನೋಡಿದೆ. ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ಮಗುಚಿದೆ. ಯುಗಾದಿಯ ಮಾರನೆಯ ದಿನ. ಹೊಸತೊಡಕು.

ನಮ್ಮ ಸೀಮೆಯ ಹೊರಗಿನವರಿಗೆ ಇದನ್ನು ಹೇಳಬೇಕು. ಯುಗಾದಿ ದಿನ ಹೋಳಿಗೆ, ಮಾರನೆಯ ದಿನ ಬಾಡು. ನಸುಕಿಗೇ ಮರಿ ಕಡಿದು ಪಾಲು ಹಾಕುತ್ತಾರೆ, ಮಧ್ಯಾಹ್ನದವರೆಗೆ ಊರೆಲ್ಲ ಮಸಾಲೆಯ ವಾಸನೆ. ಮಂಡ್ಯ ಜಿಲ್ಲೆಯಲ್ಲಿ ಅವತ್ತು ಯಾರನ್ನು ಕರೆದರೂ ಕೆಲಸಕ್ಕೆ ಬರುವುದಿಲ್ಲ. ಹೆಡ್ ಆಫೀಸಿನ ರಜೆಯ ಪಟ್ಟಿಯಲ್ಲಿ ಹೊಸತೊಡಕು ಇಲ್ಲ. ಆದ್ದರಿಂದ ನಮ್ಮ ಯೂನಿಟ್ಟಿನಲ್ಲಿ ಅವತ್ತು ಬಾಗಿಲು ಹಾಕಿ, ಮುಂದಿನ ಭಾನುವಾರ ಕೆಲಸ ಮಾಡಿಸಿ, ಆ ಹಾಜರಿಯನ್ನು ಹೊಸತೊಡಕಿನ ದಿನಕ್ಕೆ ಹಾಕಿಬಿಡುತ್ತಾರೆ. ಫ್ಯಾಕ್ಟರಿ ಶುರುವಾದಾಗಿನಿಂದ ನಡೆದು ಬಂದ ರೂಢಿ. ಕಂಪ್ಯೂಟರಿನಲ್ಲಿ ನೋಡುವವರಿಗೆ ಅವತ್ತು ಎಲ್ಲರೂ ಹಾಜರು. ಹೊಸ ಮ್ಯಾನೇಜರ್ ತಾನು ಬರುವುದಕ್ಕೆ ಮೊದಲಿನ ಒಂದು ದಿನ ಹುಡುಕಿದ್ದಾನೆ, ತನ್ನ ಮೈಗೆ ಮೆತ್ತಬಾರದಲ್ಲ. ನಾಲ್ಕು ಜನರ ಹಾಜರಿ ಇರುವ ದಿನ ಕಂಪ್ಯೂಟರಿನಲ್ಲಿ ಕಂಡಿದೆ, ಬರೆದಿದ್ದಾನೆ. ಅದು ಎಂಥ ದಿನ ಎಂದು ನಮ್ಮವರಲ್ಲಿ ಒಬ್ಬರನ್ನೂ ಕೇಳಿಲ್ಲ.

ಅವತ್ತು ಮಧ್ಯಾಹ್ನ ಜೊತೆಗಾತಿ ನಮ್ಮ ಮನೆಯಲ್ಲಿದ್ದಳು. ನಮ್ಮತ್ತೆ ಮಾಡಿದ ಬೋಟಿ ಗೊಜ್ಜನ್ನು ಎರಡನೇ ಸಲ ಬಡಿಸಿಕೊಂಡಿದ್ದಳು.

ಕಾರ್ಯಕರ್ತ ಕುಣಿದಾಡಿದ. "ಅಕ್ಕೋ, ಸಿಗಾಕ್ಕಂಡ್ರು! ಈಗ್ಲೇ ಬರ್ದಾಕನ. ಡೇಟೇ ಸುಳ್ಳು ಅಂತವ."

"ಬ್ಯಾಡ," ಅಂದೆ.

"ಯಾಕಕ್ಕ?"

"ಈಗ ಬರುದ್ರೆ ಅವ್ನಿಗೆ ಗೊತ್ತಾಯ್ತದೆ. ಟೈಪಿಂಗ್ ಮಿಸ್ಟೇಕು ಅಂತ ಡೇಟ್ ಬದ್ಲಾಯಿಸ್ತಾನೆ. ಗೇಟಿನ ಬುಕ್ಕನ್ನೂ ಒಸದಾಗಿ ಬರುಸ್ತಾನೆ. ಮೊದ್ಲು ಬುಕ್ಕು ಈಚೆಗ್ ಬರ್ಲಿ."

ಹೊಸತೊಡಕಿನ ದಿನವೂ ಗೇಟು ಕಾಯಲು ಸೆಕ್ಯೂರಿಟಿಯವರು ಇದ್ದೇ ಇರುತ್ತಾರೆ, ರಿಜಿಸ್ಟರ್ ಬರೆದೇ ಬರೆಯುತ್ತಾರೆ. ಅದೇ ರಿಜಿಸ್ಟರಿನಲ್ಲಿ ನನ್ನ ಸ್ಟೂಲು ತಡೆದ ಪುಟವೂ ಇದೆ. ಸ್ಟೂಲಿನ ನೆಪದಲ್ಲಿ ಬುಕ್ಕು ಹೊರಗೆ ಬರಬೇಕು. ಆ ದಿನಾಂಕ ನನ್ನ ಬಾಯಿಂದ ಯಾರೆದುರೂ ಬೀಳಬಾರದು, ಗಂಡನಿಗೂ ಹೇಳಬಾರದು ಎಂದು ತೀರ್ಮಾನಿಸಿದೆ.

ಬಾಯಿ ಮುಚ್ಚಿಕೊಂಡಿರುವುದು ಚಿಂದಿ ಶೆಡ್ಡಿಗಿಂತ ಕಷ್ಟವಾಯಿತು. ಜೊತೆಗಾತಿ ಮೊದಲಿನ ಹಾಗೇ ಬಸ್ಸಿನಲ್ಲಿ ಪಕ್ಕಕ್ಕೆ ಕೂರುತ್ತಿದ್ದಳು.

"ಯಾಕಮ್ಮಿ ಒಂತರಾ ಇದ್ದೀಯ? ಕಾಲ್ ನೋಯ್ತದಾ?" ಎಂದು ಕೇಳಿ ಮಲ್ಲಿಗೆ ಮುರಿದು ಅರ್ಧ ಕೊಟ್ಟಳು.

"ಏನಿಲ್ಲ ಕಣಮ್ಮಿ," ಎಂದು ಅವಳು ಕೊಟ್ಟ ಹೂವು ಮುಡಿದುಕೊಂಡೆ. ಅವಳ ಸಹಿಯಿದ್ದ ಕಾಗದ ನನ್ನ ಮಡಿಲಿನ ಬ್ಯಾಗಿನಲ್ಲಿತ್ತು. ಆಗಲೇ ಕೇಳಿಬಿಡಬಹುದಿತ್ತು. ಕೇಳಿದ್ದರೆ ಅವಳು ಅತ್ತು, ಅದು ಮ್ಯಾನೇಜರ್ ಕಿವಿಗೂ ಹೋಗುತ್ತಿತ್ತು. ಅದೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ. ಎಲ್ಲರೆದುರು ಅವಳ ಮುಖ ಹೇಗಾಗುತ್ತದೆ ಎಂದು ನನಗೆ ನೋಡಬೇಕಿತ್ತು.

ಆಯುಕ್ತರು ಜಿಲ್ಲೆಗಳಿಗೆ ಬಂದು ಅದಾಲತ್ ನಡೆಸುತ್ತಾರೆ. ಮಂಡ್ಯದ ಸರ್ಕಾರಿ ಸಭಾಂಗಣದಲ್ಲಿ ಮೊದಲ ದಿನ ಕಂಪನಿಯ ವಕೀಲರು ಕಾಲಾವಕಾಶ ಕೇಳಿದರು, ನನ್ನ ಹೆಸರು ಕೂಗಿ ಐದು ನಿಮಿಷಕ್ಕೆ ಮುಂದಕ್ಕೆ ಹೋಯಿತು. ಬಸ್ಸು ಬದಲಿಸಿ ಹೋಗಿ ಬಂದ ಮೂರು ಗಂಟೆ ದಂಡವಾಯಿತು. ಎರಡನೇ ಸಲ ಆಯುಕ್ತರು ನನ್ನನ್ನೇ ಕೇಳಿದರು, ಏನಮ್ಮ ಹೇಳ್ತೀರಿ ಎಂದು.

"ಒಂದೇ ಕೇಳ್ಕತೀನಿ ಸಾರ್. ನಾನು ತಂದ ಸ್ಟೂಲನ್ನ ಗೇಟಲ್ಲೇ ತಡೆದ್ರು. ಗೇಟಿನ ಬುಕ್ಕಲ್ಲಿ ಬರ್ದವ್ರೆ. ಆ ಬುಕ್ಕನ್ನ ಅಂಗೇ ತರುಸ್ಬೇಕು, ಜೆರಾಕ್ಸ್ ಬ್ಯಾಡ. ಸೈನ್ ಆಕಿರೋ ಮೂರು ಜನಾನೂ ಬರ್ಬೇಕು."

ವಕೀಲರು ಮ್ಯಾನೇಜರ್ ಕಡೆ ನೋಡಿದರು. ಅವನು ಆಗಲಿ ಎಂದು ತಲೆಯಾಡಿಸಿದ. ಹೊರಗಿನ ಮರದ ಸಾಮಾನು ಸುರಕ್ಷತೆಗಾಗಿ ಬಿಟ್ಟಿಲ್ಲ ಎಂಬುದು ಅವರ ವಾದವೇ ಆಗಿತ್ತು, ಆ ಪುಟದಿಂದ ತಮಗೇ ಅನುಕೂಲ ಎಂದುಕೊಂಡರು. ಮ್ಯಾನೇಜರ್ ಕೂತ ಕಡೆಯಿಂದಲೇ ನನ್ನನ್ನು ನೋಡಿ ಪಾಪ ಎನ್ನುವ ಹಾಗೆ ನಕ್ಕ. ನಾನೂ ತಲೆ ತಗ್ಗಿಸಿ ಪಾಪದವಳ ಹಾಗೇ ನಿಂತೆ.

ಮುಂದಿನ ಅದಾಲತ್ತಿಗೆ ಒಂದು ತಿಂಗಳು. ದಿನಾ ಬೆಳಿಗ್ಗೆ ಗೇಟಿನಲ್ಲಿ ರಿಜಿಸ್ಟರಿನ ಬೈಂಡು ನೋಡುತ್ತಿದ್ದೆ. ಒಂದು ಮೂಲೆ ಹರಿದು ಅಲ್ಲಿಗೆ ಗೋಣಿದಾರ ಹಾಕಿ ಹೊಲಿದಿದ್ದರು. ಆ ಹೊಲಿಗೆ ಕಂಡರೆ ಅವತ್ತಿನ ಮಟ್ಟಿಗೆ ನೆಮ್ಮದಿ.

ಅದಾಲತ್ತಿನ ದಿನ ಅದೇ ಗೋಣಿದಾರದ ಬೈಂಡು ಆಯುಕ್ತರ ಮೇಜಿನ ಮೇಲಿತ್ತು. ನನ್ನ ಬೆನ್ನಿನ ಹಿಂದೆ ನಲವತ್ತು ಐವತ್ತು ಜನ ತಮ್ಮ ತಮ್ಮ ಅರ್ಜಿ ಹಿಡಿದು ಕೂತಿದ್ದರು. ಮೊದಲು ಸ್ಟೂಲಿನ ಪುಟ ಓದಿದರು. 'ಎಚ್.ಆರ್. ಬೇಡ ಅಂದರು' ಎಂಬಲ್ಲಿಗೆ ವಕೀಲರು ಸುರಕ್ಷತೆಯ ಮಾತು ಹೇಳಿದರು. ನಾನು ಅಳತೆಯ ಚಿತ್ರ ಕೊಟ್ಟೆ. ಆಯುಕ್ತರು ಬುಕ್ಕು ಮುಚ್ಚಲು ಹೋದರು.

"ಸಾರ್, ಒಸಿ ಹಿಂದಕ್ ತಿರುವಿ. ನನಗೆ ಟ್ರಯಲ್ ಕೊಟ್ಟಿದ್ವಿ ಅಂದವ್ರಲ್ಲ, ಆ ದಿನದ ಪುಟ ಓದಿ."

ಅವರು ರಿಪೋರ್ಟಿನ ದಿನಾಂಕ ನೋಡಿ, ಪುಟ ತಿರುವಿ, ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು. "ಹೊಸತೊಡಕು. ಫ್ಯಾಕ್ಟರಿ ರಜ. ಕರೆಂಟ್ ಮೇನ್ ಆಫ್. ಒಳಗೆ ಯಾರೂ ಇಲ್ಲ."

ಹಿಂದಿನಿಂದ ಯಾರೋ ಅಂದರು, "ಒಸ್ತೊಡಕಿನ್ ದಿನ ಯಾವನ್ಲಾ ಡ್ಯೂಟಿ ಮಾಡ್ತಾನೆ!" ಇಡೀ ಸಭಾಂಗಣ ನಕ್ಕಿತು. ಊರುಗೋಲು ನೆಲಕ್ಕೆ ಕುಟ್ಟಿ ನಕ್ಕರು. ಆಯುಕ್ತರ ಪಕ್ಕ ಕೂತ ಗುಮಾಸ್ತರು ಬಾಯಿಗೆ ಕೈ ಅಡ್ಡ ಹಿಡಿದರು. ಮ್ಯಾನೇಜರಿಗೆ ಏನಾಯಿತೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ವಕೀಲರು ಮಂಡ್ಯದವರು, ಅವರಿಗೆ ತಕ್ಷಣ ತಿಳಿಯಿತು. ತಮ್ಮ ಕಕ್ಷಿದಾರನ ಕಡೆ ತಿರುಗಿಯೂ ನೋಡದೆ ಕಾಗದ ಜೋಡಿಸತೊಡಗಿದರು. ಅವನ ಇಸ್ತ್ರಿ ಶರ್ಟಿನ ಕಂಕುಳಲ್ಲಿ ಬೆವರು ಹರಡುವುದನ್ನು ಕಣ್ತುಂಬ ನೋಡಿದೆ. ಹೊಟ್ಟೆ ತಣ್ಣಗಾಯಿತು.

ಆಯುಕ್ತರು ನಗಲಿಲ್ಲ. ಮೂರು ಸಾಕ್ಷಿಗಳನ್ನು ಕರೆದರು. ಸೂಪರ್‌ವೈಸರ್, ಇನ್‌ಚಾರ್ಜ್ ಇಬ್ಬರೂ ನೆನಪಿಲ್ಲ ಎಂದರು. ಕೊನೆಗೆ ಜೊತೆಗಾತಿ ಬಂದಳು.

"ಈ ಸಹಿ ನಿಮ್ಮದೇನಮ್ಮ?"

"ಊಂ ಸಾರ್."

"ಅವತ್ತು ನೀವು ಎಲ್ಲಿದ್ರಿ?"

ಅವಳು ನನ್ನ ಕಡೆ ತಿರುಗಿದಳು. ನಾನು ಕಣ್ಣು ತೆಗೆಯಲಿಲ್ಲ.

"ಇವ್ರ್ ಮನೇಲೇ ಇದ್ದೆ ಸಾರ್. ಬಾಡೂಟಕ್ಕೆ ಕರ್ದಿದ್ರು." ಆಮೇಲೆ ಅಳುತ್ತಾ ಅಂದಳು, "ಮೊನ್ನೆ ಜೂನಲ್ಲಿ ಆಫೀಸಿಗೆ ಕರ್ದು ಸೈನ್ ಇಸ್ಕಂಡ್ರು. ಡೇಟ್ ಬರ್ದಿರ್ಲಿಲ್ಲ. ಇಂಗ್ಲಿಸ್‌ನಲ್ಲಿತ್ತು. ಪ್ರಮೋಶನ್ ಫಾರಮ್ಮು ಅಂದ್ರು. ಇವ್ರ್ ಜಾಗಕ್ಕೆ ನನ್ನೇ ಸೀನಿಯರ್ ಮಾಡ್ತೀವಿ ಅಂದ್ರು."

ಕೊನೆಯ ಮಾತು ನಾನು ಎದುರುನೋಡಿರಲಿಲ್ಲ. ಇಂಗ್ಲಿಷ್ ಬಾರದು ಎಂಬುದು ನಿಜ, ಆದರೆ ಯಾರ ಜಾಗ ಎಂಬುದು ಅವಳಿಗೆ ಕನ್ನಡದಲ್ಲೇ ಗೊತ್ತಿತ್ತು. ಅವಳ ಮುಖ ನೋಡಬೇಕೆಂದು ಎರಡು ತಿಂಗಳು ಕಾದಿದ್ದೆ, ನೋಡಿದಾಗ ಅಷ್ಟೇನೂ ರುಚಿಸಲಿಲ್ಲ. ಬಸ್ಸಿನಲ್ಲಿ ತಪ್ಪಾಯಿತೆಂದು ಕೈ ಹಿಡಿದಳು. ಕೈ ಬಿಡಿಸಿಕೊಂಡೆ. ಈ ವರ್ಷ ಹೊಸತೊಡಕಿಗೆ ಅವಳನ್ನು ಕರೆಯಲಿಲ್ಲ, ಮುಂದಿನ ವರ್ಷದ್ದು ಈಗ ಹೇಳಲಾರೆ.

ದೀಪಾವಳಿ ಕಳೆದ ಮೇಲೆ ಆದೇಶ ಅಂಚೆಯಲ್ಲಿ ಬಂತು. ಚೆಕ್ಕರ್ ದರ್ಜೆಗೆ ವಾಪಸ್ ತೆಗೆದುಕೊಳ್ಳಬೇಕು, ಎತ್ತರದ ಸ್ಟೂಲಿಗೆ ಅವಕಾಶ ಕೊಡಬೇಕು, ಸಮಾನ ಅವಕಾಶ ನೀತಿ ಬರೆದು ಎಲ್ಲ ನೌಕರರಿಗೂ ಅವರ ಭಾಷೆಯಲ್ಲಿ ತಿಳಿಸಬೇಕು, ಅಂಗವಿಕಲರ ಅರ್ಜಿ ನೋಡಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು, ಸುಳ್ಳು ರಿಪೋರ್ಟಿಗೆ ವಿವರಣೆ ಕೊಡಬೇಕು. ಮೈಕಿನ ಮಾತಿಗೆ ನಾನು ಬೇಕಾದರೆ ಪೊಲೀಸರಿಗೆ ದೂರು ಕೊಡಬಹುದು ಎಂದೂ ಇತ್ತು.

ಮೂರನೇ ದಿನ ಫ್ಯಾಕ್ಟರಿಯ ಮುಖ್ಯಸ್ಥರು ನನ್ನನ್ನು ಕ್ಯಾಬಿನ್ನಿಗೆ ಕರೆದು ಕುರ್ಚಿ ಹಾಕಿಸಿದರು. ಮ್ಯಾನೇಜರ್ ಗೋಡೆಗೆ ಒರಗಿ ನಿಂತಿದ್ದ.

"ಪೊಲೀಸ್‌ವರೆಗೂ ಯಾಕಮ್ಮ? ಇವರನ್ನ ಈ ವಾರವೇ ಬೇರೆ ಯೂನಿಟ್‌ಗೆ ಹಾಕ್ತೀವಿ. ನಿಮ್ಮ ಕಣ್ಣಿಗೆ ಬೀಳಲ್ಲ."

ದೂರು ಬರೆದು ಬ್ಯಾಗಿನಲ್ಲೇ ಇಟ್ಟುಕೊಂಡು ಹೋಗಿದ್ದೆ. ಕೊಟ್ಬುಡಿ ಎಂದು ಕಾರ್ಯಕರ್ತ ಹಿಂದಿನ ಸಂಜೆಯೆಲ್ಲ ಹೇಳಿದ್ದ. ಕೊಟ್ಟರೆ ಇವನು ಬೇಲು ತೆಗೆದುಕೊಂಡು ಬೇರೆ ಊರಿನಲ್ಲಿ ಬೇರೆ ಮೈಕು ಹಿಡಿಯುತ್ತಾನೆ, ಅವತ್ತು ನಕ್ಕವರಿಗೆ ಏನೂ ಕೇಳಿಸುವುದಿಲ್ಲ.

"ಬ್ಯಾಡ ಸಾರ್. ಇವ್ರು ಇಲ್ಲೇ ಇರ್ಲಿ," ಅಂದೆ. ಇಬ್ಬರೂ ನನ್ನನ್ನು ನೋಡಿದರು. "ಅರ್ಜಿ ಇಸ್ಕಳೋ ಅಧಿಕಾರಿ ಬೇಕಲ್ಲ, ಇವ್ರನ್ನೇ ಮಾಡಿ. ಯಾರು ಅರ್ಜಿ ಕೊಟ್ರೂ ಸೈನ್ ಆಕಿ ಇಸ್ಕಳ್ಲಿ. ಆ ಪಾಲಿಸೀನ ಕನ್ನಡದಲ್ಲಿ ಬರ್ಸಿ, ಅದೇ ಮೈಕಲ್ಲಿ, ಮೊದ್ಲಿಂದ ಕೊನೇಗಂಟ ಇವ್ರೇ ಓದ್ಬೇಕು. ತೊಂಬತ್ತೆರಡನೇ ಕಲಮೂ ಸೇರ್ಸಿ. ಓದುದ್ರೆ ಈ ಕಾಗದ ನನ್ ಬ್ಯಾಗಲ್ಲೇ ಇರ್ತದೆ."

"ಎಷ್ಟು ದಿನ?" ಎಂದು ಮ್ಯಾನೇಜರ್ ಮೊದಲ ಸಲ ಬಾಯಿಬಿಟ್ಟ.

"ಅದು ನಿಮ್ ಬಾಯಿ ಮ್ಯಾಲೆ ಐತೆ ಸಾರ್."

ಕಂಪನಿ ಉಕ್ಕಿನ ಹೊಸ ಸ್ಟೂಲು ತರಿಸಿತ್ತು. ನನ್ನದೇ ಬೇಕೆಂದೆ. ಸೆಕ್ಯೂರಿಟಿಯವರು ಅದನ್ನು ಒರೆಸಿ, ರಿಜಿಸ್ಟರಿನಲ್ಲಿ 'ಮರದ ಸ್ಟೂಲ್ ಒಂದು, ಒಳಗೆ ಹೋಯಿತು' ಎಂದು ಬರೆದು ನನ್ನ ಕೈಲಿ ಸಹಿ ಹಾಕಿಸಿದರು. ಉಕ್ಕಿನದು ಅವರಿಗೆ ಗೇಟಿನಲ್ಲಿ ಉಳಿಯಿತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲ ಮಷೀನು ನಿಲ್ಲಿಸಿದರು. ಆ ಫ್ಲೋರಿನಲ್ಲಿ ಫ್ಯಾನಿನ ಸದ್ದು ನಾನು ಮೊದಲ ಸಲ ಕೇಳಿದ್ದು ಅವತ್ತು. ಅವನು ಹನ್ನೆರಡು ಹಾಳೆ ಹಿಡಿದು ಮೈಕಿನ ಮುಂದೆ ನಿಂತ. ನಾನು ಐದನೇ ಲೈನಿನ ಕೊನೆಗೆ ಸ್ಟೂಲಿನ ಮೇಲೆ ಕೂತು ಎಡಗಾಲನ್ನು ಪಟ್ಟಿಯ ಮೇಲೆ ಚಾಚಿದೆ. ಸಮಾನ ಅವಕಾಶ, ಸಮಂಜಸ ಅನುಕೂಲ ಎಂದು ತಡವರಿಸುತ್ತಾ ಓದಿದ. ಅರ್ಧಕ್ಕೆ ಒಂದು ಕಾಲಿನ ಮೇಲಿನ ಭಾರ ಇನ್ನೊಂದಕ್ಕೆ ಬದಲಿಸಿದ, ನಿಂತು ಅಭ್ಯಾಸವಿರಲಿಲ್ಲ. ಹನ್ನೆರಡನೇ ಹಾಳೆಯಲ್ಲಿ, ನಾಲ್ಕು ಜನರ ಮುಂದೆ ಅಂಗವಿಕಲರನ್ನು ಅವಮಾನಿಸಿದವರಿಗೆ ಶಿಕ್ಷೆ ಎಂಬ ಸಾಲಿಗೆ ಬಂದಾಗ ಅವನ ದನಿ ಇಳಿದುಹೋಯಿತು. ಬೇಗಬೇಗ ಮುಗಿಸಿ ಹಾಳೆ ಮಡಚಿದ.

ನಾನು ಕೈ ಎತ್ತಿದೆ.

"ಸಾರ್, ಹಿಂದಿನ ಚಿಂದಿ ಶೆಡ್ಡಿಗೆ ಕೇಳ್ಸಿಲ್ವಂತೆ. ಬಾಗ್ಲು ತೆಗುಸ್ತೀವಿ. ಮೊದ್ಲಿಂದ ಓದಿ."

ಅವನು ಮುಖ್ಯಸ್ಥರ ಕಡೆ ನೋಡಿದ. ಅವರು ಶೆಡ್ಡಿನ ಬಾಗಿಲು ತೆಗೆಯಲು ಹೇಳಿದರು. ಅವನು ಮಡಚಿದ ಹಾಳೆ ಬಿಡಿಸಿ, ಗಂಟಲು ಸರಿಮಾಡಿಕೊಂಡು ಮೊದಲ ಸಾಲಿಗೆ ಹೋದ. ನಾನು ಕೂತಲ್ಲಿಂದಲೇ ಕೈ ಚಾಚಿ ಗುಡ್ಡೆಯಿಂದ ಒಂದು ಶರ್ಟು ತೆಗೆದುಕೊಂಡು ಅದರ ಕಾಲರ್ ನೋಡತೊಡಗಿದೆ.